ಮಧುಮಾಸದ ಹೊಂಗೆ ಹೂವು, ನಂದಿಯ ನೀಲಿ ದ್ರಾಕ್ಷಿ

‘ಮಧು’ ಎಂಬ ಪದದ ಹೊಟ್ಟೆ ದೊಡ್ಡದು. ಜೇನಿಗೂ ಮಧು ಎನ್ನುತ್ತಾರೆ, ಹೂವಿನೊಳಗಿನ ಮಕರಂದಕ್ಕೂ ಮಧು, ಕುಡಿಯುವ ಮದ್ಯಕ್ಕೂ ಮಧು. ಇವೆಲ್ಲ ಸಾಲದೆಂಬಂತೆ ವೇದಕಾಲದ ತಿಂಗಳ ಲೆಕ್ಕದಲ್ಲಿ ಚೈತ್ರಮಾಸದ ಹೆಸರೂ ‘ಮಧು’ವೇ, ಅದರ ಮುಂದಿನ ವೈಶಾಖ ‘ಮಾಧವ’. ವಸಂತವನ್ನು ಮಧುಮಾಸ ಎಂದು ಕರೆಯುವ ವಾಡಿಕೆ ಬಂದದ್ದು ಇಲ್ಲಿಂದ. ಹೂವನ್ನೂ ಮದ್ಯವನ್ನೂ ಋತುವನ್ನೂ ಒಂದೇ ಮಾತಿನಲ್ಲಿ ಕಟ್ಟಿಹಾಕಿದ ಹಳಬರಿಗೆ ಕೋಲಾರದ ಸೀಮೆಯ ಪರಿಚಯ ಇತ್ತೋ ಇಲ್ಲವೋ, ಆ ಮಾತು ಇಂದು ಅಕ್ಷರಶಃ ನಿಜವಾಗುವ ಜಾಗ ಮಾತ್ರ ಇದೇ.

ಬಂಗಾರಪೇಟೆ, ಕೋರಮಂಡಲ್, ಊರಿಗಾಂ ಎಂದೊಡನೆ ಯಾರಿಗಾದರೂ ನೆನಪಾಗುವುದು ಚಿನ್ನ. ಗಣಿ ಮುಚ್ಚಿದ ಮೇಲೆ ನೆನಪಾಗುವುದು ಸೈನೈಡ್ ದಿಬ್ಬ, ತುಕ್ಕು ಹಿಡಿದ ಕಬ್ಬಿಣದ ಗೋಪುರ. ಹೂವು ನೋಡಲು, ದ್ರಾಕ್ಷಿಯ ಸೀಮೆ ತಿರುಗಲು ಈ ಕಡೆಗೆ ಬನ್ನಿ ಎಂದರೆ ನಗುವವರೇ ಹೆಚ್ಚು. ಆದರೆ ಫೆಬ್ರುವರಿ ಕೊನೆಯಿಂದ ಏಪ್ರಿಲ್ ನಡುವೆ ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಮೇಲೆ ಹಾದು ನಂದಿಬೆಟ್ಟದ ಬುಡ ಸೇರಿ ನೋಡಿದವರು ಹಾಗೆ ನಗಲಾರರು.

ಯುರೋಪಿನ ದ್ರಾಕ್ಷಿ ಸೀಮೆಗಳಲ್ಲಿ ವಸಂತಕಾಲದ ಪ್ರವಾಸ ಹಳೆಯ ರೂಢಿ. ಜರ್ಮನಿಯ ಗಿಮ್ಮೆಲ್ಡಿಂಗನ್ ಎಂಬ ಪುಟ್ಟ ಊರಿನಲ್ಲಿ ದ್ರಾಕ್ಷಿ ತೋಟಗಳ ಮಗ್ಗುಲಲ್ಲೇ ಬಾದಾಮಿ ಮರಗಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಜಾತ್ರೆಯೇ ನೆರೆಯುತ್ತದೆ. ಅಮೆರಿಕದ ನಾಪಾ ಕಣಿವೆಯಲ್ಲಿ ಬಳ್ಳಿಸಾಲುಗಳ ನಡುವೆ ಸಾಸಿವೆ ಹಳದಿಯಾಗಿ ಹರಡುತ್ತದೆ. ಆದರೆ ಅಲ್ಲೆಲ್ಲ ವಸಂತದಲ್ಲಿ ಹೂವು ಮಾತ್ರ ಸಿಗುತ್ತದೆ, ದ್ರಾಕ್ಷಿ ಸಿಗುವುದಿಲ್ಲ. ಚಳಿಗಾಲದ ನಿದ್ದೆಯಿಂದ ಬಳ್ಳಿ ಆಗತಾನೆ ಕಣ್ಣು ಬಿಡುತ್ತಿರುತ್ತದೆ. ಗೊಂಚಲು ಕೊಯ್ಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಿಗೆ. ನಮ್ಮಲ್ಲಿ ಇದು ತಿರುವುಮುರುವು. ಹೊಂಗೆ ಚಿಗುರಿ ಹೂ ಬಿಡುವ ಹೊತ್ತಿಗೇ ವೈನ್ ದ್ರಾಕ್ಷಿಯ ಕೊಯ್ಲೂ ಬರುತ್ತದೆ.

ಚಳಿಗಾಲವನ್ನು ಕತ್ತರಿಯಿಂದ ತರುವುದು

ಇದಕ್ಕೆ ಕಾರಣ ಸ್ವಾರಸ್ಯಕರವಾಗಿದೆ. ದ್ರಾಕ್ಷಿ ಮೂಲತಃ ಚಳಿ ದೇಶದ ಬಳ್ಳಿ. ಚಳಿ ಬಿದ್ದಾಗ ಎಲೆ ಉದುರಿಸಿ ಮಲಗಬೇಕು, ಬಿಸಿಲು ಬಂದಾಗ ಏಳಬೇಕು. ಹಾಗೆ ಎದ್ದಾಗ ಮಾತ್ರ ಹದವಾಗಿ ಹೂ ಬಿಟ್ಟೀತು. ಭೂಮಧ್ಯರೇಖೆಯಿಂದ ಹದಿಮೂರು ಡಿಗ್ರಿ ಆಚೆಯಷ್ಟೇ ಇರುವ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬಳ್ಳಿಯನ್ನು ಮಲಗಿಸುವಷ್ಟು ಚಳಿ ಎಲ್ಲಿಯದು? ಬಿಟ್ಟರೆ ಅದು ವರ್ಷವಿಡೀ ಹಸಿರಾಗಿ ಹಬ್ಬುತ್ತಲೇ ಇರುತ್ತದೆ, ಕಾಯಿ ಮಾತ್ರ ಹದಕ್ಕೆ ಬರುವುದಿಲ್ಲ. ಆದ್ದರಿಂದ ಇಲ್ಲಿ ಚಳಿಗಾಲದ ಕೆಲಸವನ್ನು ರೈತನ ಕತ್ತರಿ ಮಾಡುತ್ತದೆ.

ವೈನ್ ದ್ರಾಕ್ಷಿಯ ತೋಟದಲ್ಲಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯ ಏಪ್ರಿಲ್‌ನಲ್ಲಿ ಒಂದು ಸಲ ಬಳ್ಳಿಯನ್ನು ಬುಡದ ಹತ್ತಿರಕ್ಕೆ ಕತ್ತರಿಸುತ್ತಾರೆ. ಹೊಸ ಕಡ್ಡಿಗಳು ಹೊರಡುತ್ತವೆ, ಬಿಸಿಲು ಚೆನ್ನಾಗಿ ಬಿದ್ದರೆ ಆ ಕಡ್ಡಿಗಳ ಕಣ್ಣುಗಳೊಳಗೆ ಮುಂದಿನ ಗೊಂಚಲಿನ ಮೊಳಕೆ ಕೂರುತ್ತದೆ. ಮಳೆಗಾಲ ಮುಗಿಯುವ ಅಕ್ಟೋಬರ್‌ನಲ್ಲಿ ಎರಡನೆಯ ಸವರುವಿಕೆ. ಇದು ಫಲಕ್ಕಾಗಿ. ಅಲ್ಲಿಂದ ಒಂದೂವರೆ ತಿಂಗಳಿಗೆ ಬಳ್ಳಿ ಹೂವಾಗುತ್ತದೆ, ನಾಲ್ಕು ನಾಲ್ಕೂವರೆ ತಿಂಗಳಿಗೆ ಹಣ್ಣಾಗುತ್ತದೆ. ಹಾಗಾಗಿ ಕೊಯ್ಲು ಫೆಬ್ರುವರಿ, ಮಾರ್ಚ್‌ಗೆ ಬಂದು ನಿಲ್ಲುತ್ತದೆ. ಅಕ್ಟೋಬರ್‌ನಲ್ಲಿ ಪ್ರಾನ್ಸ್‌ನ ರೈತ ಗೊಂಚಲು ಕೊಯ್ಯುವಾಗ ಇಲ್ಲಿಯ ರೈತ ಕತ್ತರಿ ಮಸೆಯುತ್ತಿರುತ್ತಾನೆ. ಆಗ ಕೋಲಾರದ ಹೊಲಗಳ ಅಂಚಿನಲ್ಲಿ ರಾಗಿಯ ಜೊತೆಗೆ ಹಾಕಿದ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ.

ದ್ರಾಕ್ಷಿಯ ಹೂವನ್ನು ಎಷ್ಟು ಮಂದಿ ನೋಡಿದ್ದಾರೆ? ನೋಡಿದರೂ ಅದು ಹೂವೆಂದು ಅನ್ನಿಸುವುದಿಲ್ಲ. ಸಾಸಿವೆ ಕಾಳಿನಷ್ಟು ಹಸಿರು ಮೊಗ್ಗು. ಅರಳುವಾಗ ಎಸಳು ಬಿಚ್ಚುವುದಿಲ್ಲ. ಎಸಳುಗಳೆಲ್ಲ ಅಂಟಿಕೊಂಡ ಒಂದು ಟೊಪ್ಪಿಗೆ ಕಳಚಿ ಬೀಳುತ್ತದೆ, ಒಳಗಿನ ಕೇಸರಗಳು ಹೊರಗೆ ನಿಲ್ಲುತ್ತವೆ. ದುಂಬಿಯನ್ನು ಕರೆಯುವ ಬಣ್ಣವಿಲ್ಲ, ತನ್ನ ಪರಾಗದಿಂದ ತಾನೇ ಕಾಯಿಕಟ್ಟುತ್ತದೆ. ಯುರೋಪಿನ ಹಳೆಯ ತೋಟಗಳಲ್ಲಿ ಪ್ರತಿ ಸಾಲಿನ ತುದಿಗೆ ಗುಲಾಬಿ ಗಿಡ ನೆಡುವ ಪದ್ಧತಿ ಇದೆ. ಅದು ಚೆಂದಕ್ಕೆಂದು ಪ್ರವಾಸಿಗರು ತಿಳಿಯುತ್ತಾರೆ. ಬೂದಿ ರೋಗ ಬಂದರೆ ಗುಲಾಬಿಯಲ್ಲಿ ಮೊದಲು ಕಾಣಿಸಿಕೊಂಡು ತೋಟಗಾರನನ್ನು ಎಚ್ಚರಿಸಲಿ ಎಂಬುದು ಅದರ ಮೂಲ ಉಪಾಯ.

ಹಾದಿಯುದ್ದದ ಹೂವು

ಬಳ್ಳಿಯ ಹೂವಿಗೆ ಚೆಲುವಿಲ್ಲದಿದ್ದರೂ ಹಾದಿಗೆ ಉಂಟು. ಮೊದಲ ಸರದಿ ಮಾವಿನದು. ಶ್ರೀನಿವಾಸಪುರದ ಸುತ್ತ ಮಾವಿನ ತೋಪುಗಳು ಜನವರಿ, ಫೆಬ್ರುವರಿಯಲ್ಲಿ ಕೆಂಚು ಹಳದಿಯ ಹೂಗೊಂಚಲುಗಳಿಂದ ತುಂಬಿ, ಎಲೆಯೇ ಕಾಣದಂತಾಗುತ್ತವೆ. ನೋಡುವವನಿಗೆ ಅದು ಸೊಬಗು, ತೋಪಿನವನಿಗೆ ಎದೆಬಡಿತ. ಒಂದು ವಾರ ಮೋಡ ಕವಿದು ಮಂಜು ಇಳಿದರೆ ಜಿಗಿಹುಳು ಬಿದ್ದು ಹೂವೆಲ್ಲ ಕಪ್ಪಾಗಿ ಉದುರುತ್ತದೆ. ಮಾವಿನ ನಂತರ ಕುರುಚಲು ಗುಡ್ಡಗಳಲ್ಲಿ ಮುತ್ತುಗ. ಎಲೆ ಉದುರಿ ಬೋಳಾದ ಮರದಲ್ಲಿ ಕೆಂಡದಂತಹ ಹೂವು. ಯುಗಾದಿಯ ಹೊತ್ತಿಗೆ ಬೇವು ಹೂ ಬಿಟ್ಟಿರಲೇಬೇಕು. ಇಲ್ಲವಾದರೆ ಬೇವು ಬೆಲ್ಲದ ಬಟ್ಟಲಿಗೆ ಬರೀ ಎಲೆಯೇ ಗತಿ. ಕೊನೆಗೆ ಕಕ್ಕೆಯ ಹಳದಿ ಜಾಲರಿ.

ಇವೆಲ್ಲದರ ನಡುವೆ ಈ ಸೀಮೆಯ ನಿಜವಾದ ವಸಂತವೆಂದರೆ ಹೊಂಗೆ. ರಸ್ತೆಬದಿ, ಬಾವಿಕಟ್ಟೆ, ಕೆರೆಯೇರಿ, ಶಾಲೆಯಂಗಳ ಎಲ್ಲೆಡೆ ಇರುವ ಮರವಾದ್ದರಿಂದ ಯಾರೂ ಅದನ್ನು ನೋಡಲೆಂದು ಹೋಗುವುದಿಲ್ಲ. ಹಳೆಯ ಎಲೆಯೆಲ್ಲ ಉದುರಿ, ಕೆಲವೇ ದಿನಗಳಲ್ಲಿ ಗಿಣಿಹಸಿರಿನ ಚಿಗುರು ಹೊದ್ದು, ಅದರ ಹಿಂದೆಯೇ ತಿಳಿನೇರಳೆ ಬೆರೆತ ಬಿಳಿ ಹೂವು ಬಿಡುತ್ತದೆ. ಹೂವು ಮರದಲ್ಲಿ ನಿಲ್ಲುವುದಕ್ಕಿಂತ ನೆಲದಲ್ಲಿ ಬಿದ್ದಿರುವುದೇ ಹೆಚ್ಚು; ಪೊರಿ ಚೆಲ್ಲಿದ ಹಾಗೆ. ಬೇಸಿಗೆಯಲ್ಲಿ ‘ಹೊಂಗೆಯ ನೆರಳು ತಾಯಿಯ ಮಡಿಲು’ ಎಂಬ ಅರ್ಥದ ಮಾತು ಹಳ್ಳಿಗಳಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಕೆರೆಯಂಚಿನಲ್ಲಿ ಅಲ್ಲಲ್ಲಿ ಹಳೆಯ ಇಪ್ಪೆ ಮರಗಳೂ ಸಿಗುತ್ತವೆ. ಮಾರ್ಚ್, ಏಪ್ರಿಲ್‌ನ ರಾತ್ರಿಗಳಲ್ಲಿ ಇದರ ರಸಭರಿತ ಹೂವು ಉದುರುತ್ತದೆ. ನಮ್ಮಲ್ಲಿ ಇಪ್ಪೆಯೆಂದರೆ ಬೀಜದಿಂದ ತೆಗೆಯುವ ಎಣ್ಣೆ. ಮಧ್ಯ ಭಾರತದ ಗಿರಿಜನರಿಗೆ ಅದರ ಹೂವೇ ಮದ್ಯ. ಅವರು ಮಹುವಾ ಎನ್ನುವುದು ಇದರ ಹತ್ತಿರದ ಸೋದರ ಮರವನ್ನೇ. ಆ ‘ಮಹುವಾ’ ಎಂಬ ಪದದಲ್ಲಿಯೂ ‘ಮಧು’ ಅಡಗಿದೆ.

ಹೂವಿನಿಂದ ಹುದುಗು, ಮದ್ಯದಿಂದ ಹೂವು

ಹೂವಿಗೂ ದ್ರಾಕ್ಷಿಯ ಮದ್ಯಕ್ಕೂ ನಮ್ಮ ವೈದ್ಯರು ಬಹಳ ಹಿಂದೆಯೇ ಗಂಟು ಹಾಕಿದ್ದರು. ಪಂಡಿತರ ಅಂಗಡಿಗಳಲ್ಲಿ ಸಿಗುವ ದ್ರಾಕ್ಷಾಸವ ಒಣದ್ರಾಕ್ಷಿಯನ್ನು ಹುದುಗಿಸಿ ಮಾಡುವ ಔಷಧ. ಹುದುಗು ಬರಿಸಲು ಅದಕ್ಕೆ ಹಾಕುವುದು ಧಾತಕಿ ಎಂಬ ಪೊದೆಯ ಹೂವನ್ನು. ತಾಮ್ರದ ಬಣ್ಣದ ಕಾರಣ ತಾಮ್ರಪುಷ್ಪಿ ಎಂದೂ ಹೆಸರು. ಒಣ ಗುಡ್ಡಗಳಲ್ಲಿ ವಸಂತದ ಹೊತ್ತಿಗೆ ಕೆಂಪಗೆ ಅರಳುವ ಈ ಹೂವಿನ ಮೇಲೆ ಕಾಡು ಯೀಸ್ಟ್ ಕೂತಿರುತ್ತದೆ. ಯೀಸ್ಟ್ ಎಂಬ ಹೆಸರು ತಿಳಿಯುವ ಮೊದಲೇ ಅದರ ಕೆಲಸವನ್ನು ಬಲ್ಲವರಿದ್ದರು ಎಂದಾಯಿತು.

ಕವಿಗಳು ಗಂಟನ್ನು ಇನ್ನೊಂದು ಬಗೆಯಲ್ಲಿ ಹಾಕಿದರು. ಬಕುಳದ ಮರ, ಅಂದರೆ ನಮ್ಮ ರಂಜದ ಮರ, ಹೂ ಬಿಡಬೇಕಾದರೆ ಚೆಲುವೆಯೊಬ್ಬಳು ಬಾಯಿ ತುಂಬ ಮದ್ಯ ತುಂಬಿಕೊಂಡು ಅದರ ಮೇಲೆ ಉಗುಳಬೇಕೆಂಬುದು ಸಂಸ್ಕೃತ ಕಾವ್ಯದ ರೂಢಿ. ಅಶೋಕಕ್ಕಾದರೆ ಕಾಲಿನಿಂದ ಒದೆತ. ಇವಕ್ಕೆ ‘ದೋಹದ’ ಎಂದು ಹೆಸರು. ಮಹಾಕಾವ್ಯಕ್ಕೆ ಬೇಕೆನ್ನುವ ಹದಿನೆಂಟು ವರ್ಣನೆಗಳಲ್ಲಿ ಋತು, ಉದ್ಯಾನಗಳ ಜೊತೆಗೆ ಮಧುಪಾನಕ್ಕೂ ಜಾಗವಿದೆ. ಹಳಗನ್ನಡದ ಕವಿಗಳೂ ಸಂಕೋಚವಿಲ್ಲದೆ ಈ ಪಟ್ಟಿಯನ್ನು ಪಾಲಿಸಿದರು. ಈಗಿನವರಿಗೆ ಮಾತ್ರ ವೈನ್ ಎಂದರೆ ಪರದೇಶದ ವಸ್ತು ಎಂಬ ಭಾವನೆ. ನಮ್ಮ ಊರುಗಳಲ್ಲಿ ‘ವೈನ್ಸ್’ ಎಂದು ಫಲಕ ಹಾಕಿದ ಅಂಗಡಿಗೆ ಹೋದರೆ ವಿಸ್ಕಿ, ಬ್ರಾಂದಿ, ರಮ್ ಎಲ್ಲವೂ ಸಿಗುತ್ತವೆ, ವೈನ್ ಒಂದನ್ನು ಬಿಟ್ಟು.

ಮಲ್ಲಿಗೆಯ ವಾಸನೆಯ ದ್ರಾಕ್ಷಿ

ನಂದಿಯ ಸುತ್ತಮುತ್ತ ಎರಡು ಬಗೆಯ ದ್ರಾಕ್ಷಿ ಸೀಮೆಗಳಿವೆ. ಅಕ್ಕಪಕ್ಕದಲ್ಲೇ ಇದ್ದರೂ ಒಂದರ ಬಾಳು ಇನ್ನೊಂದಕ್ಕೆ ಬೇರೆ. ಮೊದಲನೆಯದು ಬೆಂಗಳೂರು ಬ್ಲೂ. ತಳ್ಳುಗಾಡಿಯಲ್ಲಿ ರಾಶಿ ಹಾಕಿ ಮಾರುವ, ಬೀಜವಿರುವ, ಕಪ್ಪುನೀಲಿ ದುಂಡು ಹಣ್ಣು. ಬೆರಳಿನಲ್ಲಿ ಒತ್ತಿದರೆ ತಿರುಳು ಜಾರಿ ಬಾಯಿಗೆ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಇದು ಯುರೋಪಿನ ದ್ರಾಕ್ಷಿಗೂ ಅಮೆರಿಕದ ‘ಲ್ಯಾಬ್ರಸ್ಕಾ’ ಎಂಬ ಕಾಡು ದ್ರಾಕ್ಷಿಗೂ ಹುಟ್ಟಿದ ಮಿಶ್ರತಳಿ. ಇಸಾಬೆಲ್ಲಾ ಎಂಬ ತಳಿಗೆ ತೀರ ಹತ್ತಿರದ್ದೆಂದೂ, ಅದೇ ಇದೆಂದೂ ತಜ್ಞರು ಹೇಳುತ್ತಾರೆ. ರೋಗ ತಡೆಯುವ ಗಟ್ಟಿ ಬಳ್ಳಿ. ಕಲ್ಲುಕಂಬ, ತಂತಿಗಳ ಚಪ್ಪರದ ಮೇಲೆ ಹಬ್ಬಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಇದರ ವಾಸನೆಯೇ ಬೇರೆ. ಲ್ಯಾಬ್ರಸ್ಕಾ ರಕ್ತವಿರುವ ದ್ರಾಕ್ಷಿಗಳಿಗೆಲ್ಲ ಒಂದು ಗಾಢ ಪರಿಮಳವಿದೆ. ಇಂಗ್ಲಿಷರು ಅದನ್ನು ನರಿಯ ವಾಸನೆ ಎಂದು ಹಳಿದರು. ಈ ವಾಸನೆಗೆ ಮುಖ್ಯ ಕಾರಣಗಳಲ್ಲೊಂದು ಮೀಥೈಲ್ ಆಂಥ್ರಾನಿಲೇಟ್ ಎಂಬ ರಾಸಾಯನಿಕ. ಸೋಜಿಗವೆಂದರೆ ಮಲ್ಲಿಗೆ, ಸುಗಂಧರಾಜ, ಕಿತ್ತಳೆ ಹೂವುಗಳ ಪರಿಮಳದಲ್ಲಿಯೂ ಇದೇ ರಾಸಾಯನಿಕವಿದೆ. ಪ್ಯಾರಿಸಿನ ರಸಿಕನಿಗೆ ನರಿಯಾಗಿ ಕಂಡದ್ದು ಕೋಲಾರದ ಮೂಗಿಗೆ ಮಲ್ಲಿಗೆಯ ದೂರದ ನೆಂಟ. ಇಸಾಬೆಲ್ಲಾ ಸೇರಿದಂತೆ ಇಂತಹ ಆರು ತಳಿಗಳನ್ನು ಫ್ರಾನ್ಸ್ 1934ರ ಕಾನೂನಿನ ಮೂಲಕ ಬಹಿಷ್ಕರಿಸಿತು. ಇಲ್ಲಿ ಅದೇ ಹಣ್ಣು ಜ್ಯೂಸಿಗೆ, ಜಾಮಿಗೆ, ಸಿಹಿಯಾದ ‘ಪೋರ್ಟ್’ ಮಾದರಿಯ ಅಗ್ಗದ ವೈನಿಗೆ ಹೋಗುತ್ತಿದೆ.

ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮನೆಯಲ್ಲೇ ವೈನ್ ಮಾಡುವ ಸಂಪ್ರದಾಯಕ್ಕೆ ಒದಗಿದ್ದೂ ಇಂತಹ ಕಪ್ಪು ದ್ರಾಕ್ಷಿಯೇ. ಹಣ್ಣು ಕಿವುಚಿ, ಸಕ್ಕರೆ, ಗೋಧಿ, ಚಕ್ಕೆ ಲವಂಗ, ಚೂರು ಯೀಸ್ಟ್ ಸೇರಿಸಿ, ಪಿಂಗಾಣಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಿ, ಮೂರು ವಾರಕ್ಕೆ ಸೋಸುವುದು. ಅಂಗಡಿಯ ವೈನ್ ಈ ಊರಿಗೆ ಬರುವ ಮೊದಲೇ ಗಣಿಯ ಬಂಗಲೆಗಳ ಉಗ್ರಾಣದಲ್ಲಿ ಅದು ಹುದುಗುತ್ತಿತ್ತು.

ಎರಡನೆಯ ಸೀಮೆ ಹೊಸತು. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರೆಂಚ್ ವೈನ್ ತಜ್ಞ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು, ಹಲವೆಡೆ ಮಣ್ಣು, ಹವೆ ಪರೀಕ್ಷಿಸಿ, ದೊಡ್ಡಬಳ್ಳಾಪುರದ ಬಳಿ ನಂದಿಬೆಟ್ಟದ ತಪ್ಪಲನ್ನು ಆರಿಸಿಕೊಂಡರು. 1988ರಲ್ಲಿ ತೋಟ ನೆಟ್ಟರು. 1992ರಲ್ಲಿ ಮೊದಲ ವೈನ್ ಮಾರುಕಟ್ಟೆಗೆ ಬಂತು. ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್‌ನಂತಹ ಶುದ್ಧ ಯುರೋಪಿನ ತಳಿಗಳು ಇಲ್ಲಿ ಒಗ್ಗಿದ್ದಕ್ಕೆ ಎತ್ತರ ಕಾರಣ. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಆಸುಪಾಸಿನ ಬಯಲು. ಹಗಲು ಬಿಸಿಲಿಗೆ ಸಕ್ಕರೆ ಕೂಡುತ್ತದೆ, ರಾತ್ರಿಯ ತಂಪಿಗೆ ಹುಳಿ ಉಳಿಯುತ್ತದೆ. ವೈನಿಗೆ ಬೇಕಾದ್ದು ಇವೆರಡರ ಸಮತೂಕ. ಈಗ ಈ ಬೆಟ್ಟದ ಸುತ್ತ ಇನ್ನೂ ಕೆಲವು ವೈನರಿಗಳಿವೆ, ‘ನಂದಿ ಕಣಿವೆ’ ಎಂಬ ಹೆಸರೇ ಬಿದ್ದಿದೆ. ಮೊದಲೇ ತಿಳಿಸಿ ಹೋದರೆ ತೋಟ ಸುತ್ತಿಸಿ, ಪೀಪಾಯಿಗಳ ಕೋಣೆ ತೋರಿಸಿ ರುಚಿ ನೋಡಿಸುವ ವ್ಯವಸ್ಥೆಯೂ ಇದೆ.

ನಂದಿಯ ಹೆಸರು ಚಿನ್ನದ ಗಣಿಗೆ ಹೊಸದೇನಲ್ಲ. ಕೋರಮಂಡಲ್, ಬಾಲಾಘಾಟ್, ಚಾಂಪಿಯನ್ ರೀಫ್‌ಗಳ ಜೊತೆಗೆ ಇದ್ದ ಒಂದು ದೊಡ್ಡ ಗಣಿಯ ಹೆಸರು ‘ನಂದಿದುರ್ಗ’. ಕೊನೆಯವರೆಗೂ ನಡೆದ ಗಣಿಗಳಲ್ಲಿ ಅದೂ ಒಂದು. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಬೂದಿಮಣ್ಣೇ ಇಂದು ಊರಿನ ನಡುವೆ 13 ದಿಬ್ಬಗಳಾಗಿ ನಿಂತಿದೆ, ಸುಮಾರು 3.3 ಕೋಟಿ ಟನ್. ಅವುಗಳಲ್ಲಿ ಉಳಿದಿರುವ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮಧುಮಾಸದಲ್ಲಿ ಈ ದಿಬ್ಬಗಳ ಪಕ್ಕದ ಕಾಲೊನಿಗಳಲ್ಲಿ, ಪಾಳುಬಿದ್ದ ಬಂಗಲೆಗಳ ವಿಶಾಲ ಅಂಗಳಗಳಲ್ಲಿ ಹೂವಿಗೇನೂ ಬರವಿಲ್ಲ. ನೋಡುವವರಿಗೆ ಬರ.

2007ರ ಮೂರು ಸಂಗತಿ

ಈ ಸೀಮೆಯ ಮಟ್ಟಿಗೆ 2007 ವಿಚಿತ್ರ ವರ್ಷ. ಆ ವರ್ಷ ಕೋಲಾರ ಜಿಲ್ಲೆ ಎರಡಾಗಿ ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾಯಿತು. ಅದರೊಂದಿಗೆ ನಂದಿಬೆಟ್ಟವೂ ಕೋಲಾರದ ಕೈತಪ್ಪಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷವೇ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ವೈನ್ ಬೆಳವಣಿಗೆಗೆ ಒಂದು ಮಂಡಳಿಯೂ ಬಂತು. ಗಣಿಯ ಕಾರ್ಮಿಕನ, ಹೊಲದ ಕೂಲಿಯ ಗ್ಲಾಸು ಕಿತ್ತುಕೊಂಡು ಪಟ್ಟಣದವನ ಗ್ಲಾಸು ತುಂಬಿಸಿದ್ದು ಯಾವ ನ್ಯಾಯ ಎಂಬ ಪ್ರಶ್ನೆ ಏಳುವುದು ಸಹಜ. ಸಾರಾಯಿ ಹಾಳುಮಾಡಿದ ಮನೆಗಳ ಹೆಂಗಸರನ್ನು ಕೇಳಿದರೆ ಉತ್ತರ ಬೇರೆ ಸಿಗುತ್ತದೆ. ನೀತಿಯ ಪರ ಇದ್ದ ಗಟ್ಟಿಯಾದ ವಾದ ಇನ್ನೊಂದು: ದ್ರಾಕ್ಷಿ ಒಂದೆರಡು ದಿನಕ್ಕೆ ಕೊಳೆಯುವ ಹಣ್ಣು, ಕೊಯ್ದ ಕೂಡಲೇ ಕೊಳ್ಳುವವನಿಲ್ಲದಿದ್ದರೆ ರೈತ ನಾಶ, ಹಿಂಡಿ ಇಡುವ ಕಾರ್ಖಾನೆ ಹತ್ತಿರವಿದ್ದರೆ ಅವನಿಗೆ ಒಂದು ಆಸರೆ.

ಆ ಆಸರೆ ಎಷ್ಟು ಸಣ್ಣದೆಂಬುದು 2020ರ ಮಾರ್ಚ್ 25ರಂದು ತಿಳಿಯಿತು. ದೇಶವ್ಯಾಪಿ ಲಾಕ್‌ಡೌನ್ ಶುರುವಾದ ಆ ದಿನ ಯುಗಾದಿ. ಚಪ್ಪರದಲ್ಲಿ ಹಣ್ಣು ತೂಗುತ್ತಿತ್ತು, ಹೊಲದಲ್ಲಿ ಸೇವಂತಿಗೆ, ಗುಲಾಬಿ ಅರಳಿದ್ದವು. ಚಿಕ್ಕಬಳ್ಳಾಪುರ, ಕೋಲಾರಗಳ ರೈತರಿಗೆ ಹೂವು ಮತ್ತು ದ್ರಾಕ್ಷಿ ಒಂದೇ ಋತುವಿನ ಎರಡು ಕೈಗಳು. ಮದುವೆಯಿಲ್ಲ, ಜಾತ್ರೆಯಿಲ್ಲ, ಗುಡಿಯಿಲ್ಲ, ಲಾರಿಯಿಲ್ಲ. ಎರಡೂ ಕೈ ಒಟ್ಟಿಗೇ ಬರಿದಾದವು. ಎಷ್ಟೋ ಕಡೆ ಹೂವನ್ನು ಕಿತ್ತು ತಿಪ್ಪೆಗೆ ಸುರಿದರು, ಹಣ್ಣನ್ನು ಬಳ್ಳಿಯಲ್ಲೇ ಬಿಟ್ಟರು. ವಸಂತವನ್ನು ಋತುಗಳ ಅರಸನೆಂದು ಹೊಗಳುವವರು ಈ ಅರಸನ ಕಾಲದಲ್ಲಿ ಒಕ್ಕಲಿಗನ ಪಾಡು ಹೀಗೂ ಆಗಬಲ್ಲದೆಂಬುದನ್ನು ಮರೆಯಬಾರದು.

ನೀರಿನ ಲೆಕ್ಕ

ಇನ್ನೊಂದು ಚಿಂತೆ ಹಳೆಯದು, ನಿಧಾನದ್ದು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳನ್ನು ನಂಬಿ ಬದುಕಿದ ನಾಡು ಕೊಳವೆಬಾವಿಗಳಿಗೆ ಬಿದ್ದು, ಸಾವಿರ ಅಡಿ ದಾಟಿದರೂ ನೀರು ಸಿಗದ ಹಂತ ಮುಟ್ಟಿತು. ಚಿನ್ನಕ್ಕಾಗಿ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಸೀಮೆಯೇ ಇದು! ಗಣಿ ನಡೆಯುವಾಗ ಒಳಗೆ ಸೇರುವ ನೀರನ್ನು ಎತ್ತಿ ಹೊರಹಾಕುವುದೇ ಕೆಲಸವಾಗಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಮೇಲಿನ ಹೊಲದಲ್ಲಿ ಮಾತ್ರ ಹನಿಗೂ ತತ್ವಾರ.

ದ್ರಾಕ್ಷಿಯವರು ಇದಕ್ಕೆ ತಮ್ಮದೇ ದಾರಿ ಹುಡುಕಿದರು. ಬರ ಮತ್ತು ಉಪ್ಪುನೀರನ್ನು ತಾಳುವ ‘ಡಾಗ್‌ರಿಡ್ಜ್’ ಎಂಬ ಕಾಡು ಬಳ್ಳಿಯ ಬೇರಿನ ಮೇಲೆ ಬೇಕಾದ ತಳಿಯನ್ನು ಕಸಿ ಮಾಡುವುದು, ಹನಿ ನೀರಾವರಿ ಹಾಕುವುದು. 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಬಾವಿಗಳಲ್ಲಿ ನೀರು ಕಂಡದ್ದು ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತ ಬೇಕೆಂಬ ಕೂಗೂ ಅಷ್ಟೇ ನಿಜ. ಬೆಂಗಳೂರಿಗೆ ಹೂವು, ಹಣ್ಣು, ತರಕಾರಿ, ಹಾಲು ಕಳಿಸಿದ ಜಿಲ್ಲೆಗೆ ಬೆಂಗಳೂರು ಮರಳಿಸುತ್ತಿರುವುದು ಬಳಸಿ ಬಿಟ್ಟ ನೀರನ್ನು.

ತೋಟಗಾರಿಕೆಯಲ್ಲಿ ಈ ಸೀಮೆಯ ಸಾಲ ಬೆಂಗಳೂರಿನ ಮೇಲೆ ಇನ್ನೂ ಹಳೆಯದು. 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ ಹೈದರಾಲಿ ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಹೂದೋಟ, ತರಕಾರಿ ತೋಟಗಳ ಕಸುಬಿಗೆ ಹೆಸರಾದ ತಿಗಳ ಸಮುದಾಯ ಚೈತ್ರ ಪೂರ್ಣಿಮೆಯ ರಾತ್ರಿ ಬೆಂಗಳೂರಿನಲ್ಲಿ ಹೊರುವ ಮಲ್ಲಿಗೆಯ ಕರಗವನ್ನು ಕೋಲಾರ, ಮಾಲೂರುಗಳ ಕಡೆಯೂ ಭಕ್ತಿಯಿಂದ ಆಚರಿಸುತ್ತಾರೆ. ಹೂವಿನ ಪ್ರವಾಸಕ್ಕೆ ಬರುವವರು ಹಗಲಿನ ತೋಟಗಳ ಜೊತೆಗೆ ಇಂತಹದೊಂದು ರಾತ್ರಿಯನ್ನೂ ಸೇರಿಸಿಕೊಂಡರೆ ಚೆನ್ನ. ಹೂವನ್ನು ಬೆಳೆದವರೇ ಅದನ್ನು ತಲೆಯ ಮೇಲೆ ಹೊತ್ತು ನಡೆಯುವುದನ್ನು ಬೇರೆಲ್ಲಿ ನೋಡಲು ಸಿಕ್ಕೀತು?

ಹೋಗುವವರಿಗೆ ದಾರಿ ಕಷ್ಟವಿಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಸುಮಾರು 16 ಕಿಲೋಮೀಟರಿನ ಕವಲು ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ಗಣಿಯ ಊರು ನೋಡಿ, ಕೋಲಾರದಲ್ಲಿ ಅಂತರಗಂಗೆಯ ಬೆಟ್ಟ ಹತ್ತಿ, ಬಸ್ಸಿನಲ್ಲಿ ಚಿಂತಾಮಣಿಯ ಮೇಲೆ ಚಿಕ್ಕಬಳ್ಳಾಪುರ ಸೇರಬಹುದು. ಮಾರ್ಚ್ ಮೊದಲ ಎರಡು ವಾರ ಹದವಾದ ಕಾಲ. ವೈನರಿಗಳಲ್ಲಿ ಕೊಯ್ಲು ಇನ್ನೂ ಇರುತ್ತದೆ, ಮುತ್ತುಗ ಮುಗಿದಿರುವುದಿಲ್ಲ, ಹೊಂಗೆ ಶುರುವಾಗಿರುತ್ತದೆ. ಏಪ್ರಿಲ್‌ಗೆ ಹೋದವರಿಗೆ ಗೊಂಚಲು ಸಿಗುವುದಿಲ್ಲ. ಆಗ ಬಳ್ಳಿಗಳನ್ನು ಸವರಿ, ಕಡ್ಡಿಗಳನ್ನು ಹೊರೆ ಕಟ್ಟಿ ಬದುವಿಗೆ ಹಾಕಿರುತ್ತಾರೆ. ಬೋಳು ಬುಡದ ಸುತ್ತ ಪಾತಿ ಬಿಡಿಸಿ, ರಸ್ತೆಬದಿಯ ಹೊಂಗೆಯ ಸೊಪ್ಪು ತಂದು, ಉದುರಿದ ಹೂವನ್ನೂ ಗುಡಿಸಿ ಅದರೊಂದಿಗೆ ಸೇರಿಸಿ, ಗೊಬ್ಬರವಾಗಲೆಂದು ಮಣ್ಣು ಮುಚ್ಚುವ ಕೆಲಸ ನಡೆದಿರುತ್ತದೆ.